ದಾಸ್ತಾನಿನ ವಿಡಿಯೋ: ಎಷ್ಟು ಕುಗ್ಗಿಸಬೇಕು, ಯಾವುದನ್ನು ಉಳಿಸಬೇಕು?

2019ರ ಆಗಸ್ಟ್ ತಿಂಗಳ ಪ್ರವಾಹವನ್ನು ನಮ್ಮ ವರ್ತಕ ಬಾಂಧವರು ಮರೆತಿರಲಾರರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದಿತೀರದ ಊರುಗಳಿಗೆ ನೀರು ನುಗ್ಗಿತ್ತು. ನೀರಿಳಿದ ಮೇಲೆ ನನ್ನ ಕಕ್ಷಿದಾರರೊಬ್ಬರು ಗೋದಾಮಿನ ಹಾನಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ವಾಟ್ಸ್‌ಆ್ಯಪ್ ಮೂಲಕ ಮಗನಿಗೆ ಕಳುಹಿಸಿ, ಫೋನಿನಲ್ಲಿ ಜಾಗವಿಲ್ಲವೆಂದು ಮೂಲವನ್ನು ಅಳಿಸಿಬಿಟ್ಟರು. ವಿಮಾ ಸರ್ವೇಯರರು ಕೇಳಿದಾಗ ಉಳಿದಿದ್ದುದು ಕುಗ್ಗಿದ ಪ್ರತಿ ಮಾತ್ರ. ಡಬ್ಬಗಳು ಕಾಣುತ್ತಿದ್ದವು, ಬ್ಯಾಚ್ ಸಂಖ್ಯೆ ಓದಲಾಗುತ್ತಿರಲಿಲ್ಲ. ದಾಸ್ತಾನು ವಹಿಯ ಯಾವ ನಮೂದು ಯಾವ ರಾಶಿಗೆ ಸೇರಿದ್ದೆಂದು ತೋರಿಸಲಾಗದೆ ಪರಿಹಾರದ ಒಂದು ಭಾಗ ಕೈತಪ್ಪಿತು.

ವಿಡಿಯೋ ಎಂದರೆ ಸೆಕೆಂಡಿಗೆ 25 ಅಥವಾ 30 ಚಿತ್ರಗಳ ಸರಣಿ. ಸಂಕೋಚನ ಮಾಡುವ ತಂತ್ರಾಂಶವು ಪ್ರತಿಯೊಂದು ಚಿತ್ರವನ್ನೂ ಪೂರ್ಣವಾಗಿ ಬರೆಯುವುದಿಲ್ಲ. ನಾವು ಹಿಂದಿನ ಶಿಲ್ಕನ್ನು ಮುಂದೊಯ್ದು ಅಂದಿನ ಜಮಾ-ಖರ್ಚನ್ನಷ್ಟೇ ಬರೆಯುವಂತೆ, ಅದು ಬದಲಾದ ಭಾಗವನ್ನಷ್ಟೇ ಬರೆದಿಡುತ್ತದೆ. ಕ್ಯಾಮೆರಾ ರಭಸದಿಂದ ತಿರುಗಿದರೆ, ಮಳೆ ಸುರಿಯುತ್ತಿದ್ದರೆ, ನೀರು ಅಲೆಯಾಡುತ್ತಿದ್ದರೆ ಎಲ್ಲವೂ ಬದಲಾವಣೆಯೇ. ಆಗ ನಿಗದಿಯಾದ ಬಿಟ್‌ರೇಟ್ ಸಾಲದೆ ಸಣ್ಣ ಅಕ್ಷರಗಳು ಮಾಸಿಹೋಗುತ್ತವೆ. ಆದುದರಿಂದ ಪ್ರತಿ ರಾಶಿಯ ಮುಂದೆ ಐದಾರು ಸೆಕೆಂಡು ಕೈ ಅಲುಗದಂತೆ ನಿಲ್ಲುವುದು ಯಾವ ಸೆಟ್ಟಿಂಗಿಗಿಂತಲೂ ಹೆಚ್ಚು ಉಪಯುಕ್ತ.

ಕಡತದ ಗಾತ್ರದ ಲೆಕ್ಕ ಸುಲಭ. ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಬೇಕು. 8 ಮೆಗಾಬಿಟ್‌ನಲ್ಲಿ ಒಂದು ನಿಮಿಷಕ್ಕೆ 60 ಮೆಗಾಬೈಟ್. 2 ಮೆಗಾಬಿಟ್‌ನಲ್ಲಿ 15. ಧ್ವನಿಯ ಪಾಲು ಅತ್ಯಲ್ಪ. ಎಡಿಟಿಂಗ್ ಮುಗಿಸಿ ಎಕ್ಸ್‌ಪೋರ್ಟ್ ಮಾಡುವಾಗ ಎಂಪಿ4 ಕಡತ, ಎಚ್.264 ಕೋಡೆಕ್ ಆರಿಸಿರಿ. 2003ರಲ್ಲಿ ಬಂದ ಈ ಮಾನಕವನ್ನು ಹಳೆಯ ಕಂಪ್ಯೂಟರುಗಳೂ ತೆರೆಯಬಲ್ಲವು. 2013ರ ಎಚ್.265 ಜಾಗ ಉಳಿಸುತ್ತದೆ ನಿಜ, ಆದರೆ ಎದುರಿನವರ ಯಂತ್ರದಲ್ಲಿ ತೆರೆಯದಿದ್ದರೆ ಉಳಿತಾಯದಿಂದ ಏನು ಫಲ? ರೆಸಲ್ಯೂಶನ್ 1920×1080 ಇರಲಿ, ಫ್ರೇಮ್ ದರ ಚಿತ್ರೀಕರಿಸಿದ್ದೇ ಇರಲಿ. ದಾಸ್ತಾನಿಗೆ 8 ಮೆಗಾಬಿಟ್‌ಗಿಂತ ಕೆಳಗಿಳಿಯಬಾರದೆಂಬುದು ನನ್ನ ಅಭಿಪ್ರಾಯ. ವಾಟ್ಸ್‌ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ಎಂದು ಕಳುಹಿಸಿದರೆ ಅದು ಮತ್ತೆ ಕುಗ್ಗುವುದಿಲ್ಲ.

ಅಥಣಿ, ನಿಪ್ಪಾಣಿಗಳ ಕೊಲ್ಹಾಪುರಿ ಚಪ್ಪಲಿ ತಯಾರಕರಿಗೂ ಈ ಮಾತು ಅನ್ವಯಿಸುತ್ತದೆ. ಆ ಹೆಸರಿನ ಭೌಗೋಳಿಕ ಸೂಚಕದಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿದೆ. ದೂರದ ಖರೀದಿದಾರನಿಗೆ ಚರ್ಮದ ಹೆಣಿಗೆ, ಹೊಲಿಗೆ ಕಾಣದಿದ್ದರೆ ಕೈಕೆಲಸಕ್ಕೂ ಯಂತ್ರದ ಮಾಲಿಗೂ ವ್ಯತ್ಯಾಸವೇ ತಿಳಿಯದು.

ಇನ್ನು ಕಾನೂನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರ ಸಲ್ಲಿಸಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಇದನ್ನು ಕಡತದ ಬೆರಳಚ್ಚು ಎನ್ನಬಹುದು. ಒಂದು ಸೆಕೆಂಡು ಕತ್ತರಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದರೂ ಅದು ಬದಲಾಗುತ್ತದೆ. ಎಡಿಟ್ ಮಾಡಿದ ಪ್ರತಿ ಕಳುಹಿಸಲಿಕ್ಕೆ, ಮೂಲ ಕಡತ ಕಾಪಾಡಲಿಕ್ಕೆ. ಫೋನಿನಿಂದ ಕೇಬಲ್ ಮೂಲಕ ಎರಡು ಪ್ರತ್ಯೇಕ ಹಾರ್ಡ್‌ಡಿಸ್ಕುಗಳಿಗೆ ನಕಲಿಸಿ, ಒಂದನ್ನು ಅಂಗಡಿಯ ಹೊರಗೆ ಇಡಿರಿ. ಅಂಗಡಿಯಲ್ಲಿರುವುದು ನೀರಿಗೆ ಸಿಕ್ಕೀತು.

ಹಾಳಾದ ಮಾಲಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನಂತೆ ಹಿಂತಿರುಗಿಸಬೇಕಾಗುತ್ತದೆ. ಎಷ್ಟು ಮಾಲು ಹಾಳಾಯಿತೆಂಬ ಪ್ರಶ್ನೆ ಅಲ್ಲಿಯೂ ಏಳುತ್ತದೆ. ಆದುದರಿಂದ ವಿಡಿಯೋ ಕಡತದ ಹೆಸರಿನಲ್ಲಿ ದಿನಾಂಕವನ್ನೂ ದಾಸ್ತಾನು ವಹಿಯ ಪುಟಸಂಖ್ಯೆಯನ್ನೂ ಸೇರಿಸಿರಿ.