ಟವರ್ ಸ್ಪೀಕರ್ ಕೊಳ್ಳುವ ಮುನ್ನ: ಕಿವಿಗೆ ಹನ್ನೆರಡು ಸೂತ್ರ

ಅಂಗಡಿಯ ಡೆಮೊ ರೂಮಿನಲ್ಲಿ ಹತ್ತು ನಿಮಿಷ ಕೂತು, ಬೇಸ್ ಎದೆಗೆ ಗುದ್ದಿತು ಎಂಬ ಒಂದೇ ಖುಷಿಯಲ್ಲಿ ಟವರ್ ಸ್ಪೀಕರ್ ಬುಕ್ ಮಾಡಿ ಬರುವವರು ಬಹಳ ಮಂದಿ. ಆರು ತಿಂಗಳು ಕಳೆಯುವಷ್ಟರಲ್ಲಿ ಮನೆಯಲ್ಲಿ ಅದನ್ನು ಹಾಕುವವರೇ ಇರುವುದಿಲ್ಲ. ಕೇಳಿದರೆ ‘ಯಾಕೋ ತಲೆನೋವು ಬರುತ್ತೆ’ ಅನ್ನುತ್ತಾರೆ. ನೆಲದ ಮೇಲೆ ನಿಲ್ಲುವ ಈ ದೊಡ್ಡ ಸ್ಪೀಕರುಗಳು ಹತ್ತು ಹದಿನೈದು ವರ್ಷ ಮನೆಯಲ್ಲಿರುವಂಥವು. ಕೇಳಿ ಆರಿಸುವುದಕ್ಕೆ ಒಂದು ಕ್ರಮವಿದೆ, ಯಾರು ಬೇಕಾದರೂ ಕಲಿಯಬಹುದು. ನನ್ನ ಮಟ್ಟಿಗೆ ಎಲ್ಲ ಸೂತ್ರಗಳ ಬುಡ ಒಂದೇ: ಸ್ಪೀಕರಿಗೆ ಸ್ವಂತ ದನಿ ಇರಕೂಡದು. ಹಾಡಿದವರ ಕಂಠ ಬರಬೇಕು, ನುಡಿಸಿದವರ ವಾದ್ಯ ಬರಬೇಕು, ಪೆಟ್ಟಿಗೆ ಸುಮ್ಮನಿರಬೇಕು.

1. ಹಾಡಿಗಿಂತ ಮೊದಲು ಮಾತು ಕೇಳಿ

ಮನೆಯವರೊಬ್ಬರ ಮಾತನ್ನು ಮೊಬೈಲಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಟೆರೇಸಿನಂಥ ಬಯಲು ಜಾಗ ಒಳ್ಳೆಯದು. ಗಾಳಿ ಇರಬಾರದು, ಮೊಬೈಲ್ ಬಾಯಿಂದ ಒಂದೆರಡು ಅಡಿ ದೂರದಲ್ಲಿರಬೇಕು. ಅಂಗಡಿಗೆ ಅವರನ್ನೂ ಕರೆದೊಯ್ಯಿರಿ. ಸ್ಪೀಕರಿನಲ್ಲಿ ಬರುವ ಅವರ ಮಾತು, ಪಕ್ಕದಲ್ಲಿ ನಿಂತು ಅವರೇ ಆಡುವ ಮಾತು, ಎರಡನ್ನೂ ಒಂದಾದ ಮೇಲೊಂದು ಕೇಳಿ. ಮೊಬೈಲಿನ ಮೈಕಿಗೆ ಮಿತಿಗಳಿವೆ, ನಿಜ. ಆದರೂ ನೀವು ಹೋಲಿಸುತ್ತಿರುವ ಎರಡು ಜೋಡಿ ಸ್ಪೀಕರುಗಳಲ್ಲಿ ಯಾವುದು ಆ ದನಿಗೆ ಹತ್ತಿರ ಎಂಬುದು ಅರೆ ನಿಮಿಷದಲ್ಲಿ ಗೊತ್ತಾಗುತ್ತದೆ. ಬಿ.ಬಿ.ಸಿ.ಯ ಎಂಜಿನಿಯರುಗಳು ತಮ್ಮ ಸ್ಟುಡಿಯೊ ಸ್ಪೀಕರುಗಳನ್ನು ರೂಪಿಸುವಾಗಲೂ ಮಾತನ್ನು ನೇರವಾಗಿ ಕೇಳಿ, ಸ್ಪೀಕರಿನಲ್ಲಿ ಕೇಳಿ ತಾಳೆ ನೋಡುತ್ತಿದ್ದರು. 1970ರ ದಶಕದಲ್ಲಿ ಅವರು ತಂದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್ ಮನುಷ್ಯರ ದನಿಗೆ ಇವತ್ತಿಗೂ ಹೆಸರುವಾಸಿ.

ಏನನ್ನು ಗಮನಿಸಬೇಕು? ಗಂಡಸಿನ ದನಿ ಬಿಂದಿಗೆಯೊಳಗೆ ಬಾಯಿಟ್ಟು ಮಾತಾಡಿದಂತೆ ಗುಂಯ್ ಅಂದರೆ, ಪೆಟ್ಟಿಗೆಯೂ ಜೊತೆಗೆ ಮಾತಾಡುತ್ತಿದೆ ಎಂದರ್ಥ. ಸ, ಶ, ಚಗಳು ಸೀಟಿ ಹಾಕಿದರೆ ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್ ಅತಿಯಾಗಿದೆ. ಕನ್ನಡದ ಕಿವಿಗೆ ಇನ್ನೂ ಒಂದು ಪರೀಕ್ಷೆ ಇದೆ: ಲ ಮತ್ತು ಳ, ನ ಮತ್ತು ಣ. ಈ ಅಕ್ಷರಗಳನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸುವ ಸುಳಿವುಗಳಲ್ಲಿ ಮುಖ್ಯವಾದದ್ದು 2,000ದಿಂದ 3,000 ಹರ್ಟ್ಸ್ ಆಸುಪಾಸಿನಲ್ಲಿದೆ. ಬಹಳಷ್ಟು ಸ್ಪೀಕರುಗಳಲ್ಲಿ ಕ್ರಾಸ್‌ಓವರ್ ಸದ್ದನ್ನು ಕೆಳಗಿನ ಕೋನಿನಿಂದ ಟ್ವೀಟರಿಗೆ ದಾಟಿಸುವುದೂ ಅಲ್ಲೇ. ದಾಟುವ ಜಾಗದಲ್ಲಿ ಹಳ್ಳ ಬಿದ್ದಿದ್ದರೆ ‘ಬೆಳ್ಳಿ’, ‘ಕಣ್ಣು’ ಎಂಬಂಥ ಮಾತುಗಳ ಅಂಚು ಮಸುಕಾಗುತ್ತದೆ. ಮಾತಿನಲ್ಲಿ ಸೋತ ಸ್ಪೀಕರನ್ನು ಹಾಡಿನವರೆಗೂ ಎಳೆದುಕೊಂಡು ಹೋಗಬೇಡಿ. ಅಲ್ಲಿಗೇ ಬಿಡಿ.

2. ವಾಲ್ಯೂಮ್ ಸಮ ಮಾಡದೆ ಹೋಲಿಸಬೇಡಿ

ಎರಡು ಜೋಡಿಗಳಲ್ಲಿ ಒಂದು ಚೂರು ಜೋರಾಗಿದ್ದರೂ ಅದೇ ‘ಸ್ಪಷ್ಟ’, ಅದೇ ‘ತುಂಬಿದ ನಾದ’ ಅನ್ನಿಸುತ್ತದೆ. ಒಂದು ಡೆಸಿಬೆಲ್ ಫರಕನ್ನು ಕಿವಿ ‘ಜೋರು’ ಎಂದು ಗುರುತಿಸುವುದಿಲ್ಲ, ‘ಒಳ್ಳೆಯದು’ ಎಂದು ತಿಳಿದುಬಿಡುತ್ತದೆ. ಆಂಪ್ಲಿಫೈಯರಿನ ನಾಬ್ ಒಂದೇ ಕಡೆ ಇದ್ದ ಮಾತ್ರಕ್ಕೆ ಎರಡೂ ಸಮ ಆಗುವುದಿಲ್ಲ, ಏಕೆಂದರೆ ಒಂದೊಂದು ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರಿಗೆ ಕೊಡುವ ಸದ್ದು, ಒಂದೊಂದು. ಪಿಂಕ್ ನಾಯ್ಸ್ ಎಂಬ ಏಕಸಮನಾದ ‘ಶ್’ ಸದ್ದನ್ನು ಹಾಕಿಸಿ, ಕೂರುವ ಜಾಗದಲ್ಲಿ ಮೊಬೈಲಿನ ಸೌಂಡ್ ಮೀಟರ್ ಆಪ್ ಹಿಡಿದು, ಎರಡೂ ಜೋಡಿ 75 ಡೆಸಿಬೆಲ್ ತೋರಿಸುವಂತೆ ಮಾಡಿಕೊಳ್ಳಿ. ಆಪ್ ತೋರಿಸುವ ಅಂಕಿ ಕರಾರುವಾಕ್ಕಾಗಿರಬೇಕಿಲ್ಲ. ಎರಡಕ್ಕೂ ಒಂದೇ ಬಂದರೆ ಸಾಕು. ‘ಅಷ್ಟೆಲ್ಲ ಬೇಡ ಸರ್, ಹಾಗೇ ಕೇಳಿ’ ಎಂದು ಅಂಗಡಿಯವರು ಹೇಳಿದರೂ ಇದನ್ನು ಬಿಟ್ಟುಕೊಡಬೇಡಿ.

3. ಕಣ್ಣಿಗೆ ಕಾಣದಂತೆ ಕೇಳಿ

ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು ಅಮೆರಿಕದ ಹರ್ಮಾನ್ ಕಂಪನಿಯಲ್ಲಿದ್ದಾಗ, ನಾಲ್ಕು ಸ್ಪೀಕರುಗಳನ್ನು ಒಂದೇ ಜನರಿಗೆ ಎರಡು ರೀತಿಯಲ್ಲಿ ಕೇಳಿಸಿದರು: ಒಮ್ಮೆ ಕಣ್ಣೆದುರೇ ಇಟ್ಟು, ಒಮ್ಮೆ ಪರದೆಯ ಹಿಂದೆ ಇಟ್ಟು. ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಕಾಣುವಾಗ ದೊಡ್ಡ, ದುಬಾರಿ ಸ್ಪೀಕರುಗಳಿಗೆ ಸಿಕ್ಕ ಅಂಕ, ಪರದೆ ಎಳೆದ ಮೇಲೆ ಉಳಿಯಲಿಲ್ಲ. ಕೇಳಿದವರು ಅದೇ ಕಂಪನಿಯ ನೌಕರರು. ಟವರ್ ಕೊಳ್ಳುವವರು ಇದನ್ನು ಇನ್ನೂ ಹೆಚ್ಚು ಗಮನದಲ್ಲಿಡಬೇಕು, ಏಕೆಂದರೆ ಇದರ ಗಾತ್ರವೇ ಕಣ್ಣಿಗೆ ಮೊದಲು ಬೀಳುತ್ತದೆ. ಜೊತೆಗೆ ಬಂದವರಿಗೆ ಸ್ವಿಚ್ ಕೊಟ್ಟು, ಯಾವುದು ಯಾವುದೆಂದು ಹೇಳದೆ ಬದಲಾಯಿಸಲು ಹೇಳಿ. ನೀವು ಕಣ್ಣು ಮುಚ್ಚಿಕೊಂಡು ಒಂದು, ಎರಡು ಎಂದು ಬರೆದುಕೊಳ್ಳುತ್ತಾ ಹೋಗಿ.

4. ಜೋಡಿಯಲ್ಲಿ ಒಂದನ್ನು ಆರಿಸಿ ಕೇಳಿ

ಎರಡೂ ಸ್ಪೀಕರ್ ಹಾಡುವಾಗ ಹರವು ಮನಸ್ಸನ್ನು ಸೆಳೆದುಕೊಂಡು ದೋಷ ಅಡಗಿಹೋಗುತ್ತದೆ. ಒಂದೇ ಸ್ಪೀಕರ್ ಹಾಡಿದಾಗ ಸ್ವರದ ಬಣ್ಣ ಬೆತ್ತಲಾಗುತ್ತದೆ ಎಂಬುದನ್ನು ಟೂಲ್ ಅವರ ಪ್ರಯೋಗಗಳೂ ತೋರಿಸಿವೆ. ಒಂದನ್ನು ಆಫ್ ಮಾಡಿಸಿ, ಇನ್ನೊಂದರಲ್ಲಿ ಮೊನೊ ಕೇಳಿ. ಅದಾದ ಮೇಲೆ ಎರಡನ್ನೂ ಹಾಕಿ: ಮೊನೊ ಕಂಠ ಎರಡರ ಸರಿ ನಡುವೆ, ಗಾಳಿಯಲ್ಲಿ ಒಂದೇ ಬಿಂದುವಿನಲ್ಲಿ ನಿಲ್ಲಬೇಕು. ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಚದುರಿದರೆ, ಬೇಸೂ ಸೊರಗಿದ್ದರೆ, ಒಂದು ಸ್ಪೀಕರಿನ ಕೆಂಪು ಕಪ್ಪು ವೈರ್ ಅದಲು ಬದಲಾಗಿರುತ್ತದೆ. ತೀರ್ಪು ಕೊಡುವ ಮೊದಲು ಇದನ್ನು ಬಗ್ಗಿ ನೋಡಿ.

5. ನಿಮ್ಮ ಹಾಡು ನೀವೇ ಒಯ್ಯಿರಿ

ಡೆಮೊಗೆಂದೇ ಆರಿಸಿಟ್ಟ ರೆಕಾರ್ಡಿಂಗುಗಳು ಯಾವ ಸ್ಪೀಕರಿನಲ್ಲೂ ಹೊಳೆಯುತ್ತವೆ. ನಿಮಗೆ ಬಾಯಿಪಾಠವಾಗಿರುವ ಐದಾರು ಹಾಡು ಸಾಕು. ನನ್ನ ಪಟ್ಟಿಯಲ್ಲಿ ಗಂಗೂಬಾಯಿ ಹಾನಗಲ್ಲರ ತೂಕದ ಕಂಠ ಯಾವಾಗಲೂ ಇರುತ್ತದೆ, ದೊರೆಸ್ವಾಮಿ ಅಯ್ಯಂಗಾರರ ವೀಣೆ ಇರುತ್ತದೆ, ಜೊತೆಗೆ ಈಚಿನ ಒಂದು ಸಿನಿಮಾ ಹಾಡು. ಹಳೆಯ ರೆಕಾರ್ಡಿಂಗುಗಳನ್ನು ಕಂಠಕ್ಕೆ ಮಾತ್ರ ಬಳಸಿ. ತೀರ ಕೆಳಗಿನ ಬೇಸ್, ಮೇಲಿನ ಟ್ರೆಬಲ್ ಅವುಗಳಲ್ಲಿ ಇರುವುದೇ ಕಡಿಮೆ.

6. ಬೇಸ್ ಎಷ್ಟಿದೆ ಅಂತಲ್ಲ, ಸ್ವರ ಬಿಡಿಸಿ ಹೇಳುತ್ತದೆಯೇ ನೋಡಿ

ಟವರ್ ಕೊಳ್ಳುವುದೇ ಬೇಸಿಗಾಗಿ, ಎಡವುವುದೂ ಅಲ್ಲೇ. ದೊಡ್ಡ ಪೆಟ್ಟಿಗೆಯಲ್ಲಿ ಗಾಳಿ ಹೆಚ್ಚು, ಅದರ ತೂತು ಅಥವಾ ಪೋರ್ಟ್ ಒಂದು ನಿಗದಿತ ಸ್ವರಕ್ಕೆ ಕೂಡಿಸಿದ್ದಾಗಿರುತ್ತದೆ. ವಿನ್ಯಾಸ ಹದ ತಪ್ಪಿದರೆ ಯಾವ ಸ್ವರ ನುಡಿಸಿದರೂ ಒಂದೇ ‘ಧಂ’ ಕೇಳುತ್ತದೆ. ಬೇಸ್ ಗಿಟಾರ್ ಮೆಟ್ಟಿಲಿಳಿಯುವ ಒಂದು ಹಾಡು ಹಾಕಿ. ಅದರ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್. ಒಂದೊಂದು ಸ್ವರವೂ ಬೇರೆ ಬೇರೆಯಾಗಿ, ಹೆಚ್ಚುಕಮ್ಮಿ ಒಂದೇ ತೂಕದಲ್ಲಿ ಬರಬೇಕು. ನೀವು ಅದನ್ನು ಗುನುಗಲು ಆಗಬೇಕು.

ಮೃದಂಗ ಇದಕ್ಕಿಂತ ಕಠಿಣ ಪರೀಕ್ಷೆ. ಸಂಗೀತ ಪಾಠ ನಡೆಯುವ ಮನೆಯಲ್ಲಿ ಮೈಕಿಲ್ಲದ ಮೃದಂಗವನ್ನು ಒಮ್ಮೆ ಹತ್ತಿರ ಕೂತು ಕೇಳಿ ಬನ್ನಿ. ಎಡಮುಖಕ್ಕೆ ರವೆ ಕಣಕ ಮೆತ್ತಿರುತ್ತಾರೆ. ಅಂಗೈ ಒತ್ತಿ ಜಾರಿಸಿದಾಗ ಗುಮ್ಕಿ ಎಂಬ ಆಳದ ನಾದ ಒಂದು ಸ್ವರದಿಂದ ಇನ್ನೊಂದಕ್ಕೆ ಬಾಗುತ್ತದೆ. ಬಲಮುಖದ ನಡುವೆ ಕರಣೆ ಎಂಬ ಕಪ್ಪು ಲೇಪ ಇರುತ್ತದೆ, ಆ ಕಡೆ ‘ನಂ’ ಎಂದು ಬೀಳುವ ಪೆಟ್ಟಿನಲ್ಲಿ ಶ್ರುತಿ ಕೇಳುತ್ತದೆ. ಸಾಮಾನ್ಯ ಚರ್ಮವಾದ್ಯದಲ್ಲಿ ಇಲ್ಲದ ಈ ಗುಣಕ್ಕೆ ಕಾರಣ, ಕರಣೆಯ ಭಾರದಿಂದ ಚರ್ಮದ ಉಪಸ್ವರಗಳು ತಂತಿವಾದ್ಯದಂತೆ ಲೆಕ್ಕಕ್ಕೆ ಸರಿಯಾಗಿ ಕೂಡಿಕೊಳ್ಳುವುದು. ಇದನ್ನು ಸಿ.ವಿ. ರಾಮನ್ 1920ರಲ್ಲೇ ತೋರಿಸಿಕೊಟ್ಟಿದ್ದರು. ಸ್ಪೀಕರಿನಲ್ಲಿ ಗುಮ್ಕಿ ಬಾಗಬೇಕು, ಬಾಗಿ ನಿಲ್ಲಬೇಕು, ಬಾಲ ಎಳೆಯಬಾರದು. ‘ನಂ’ ತಂಬೂರಿಯ ಶ್ರುತಿಗೆ ಕೂಡಬೇಕು. ಎಡ ಬಲ ಎರಡೂ ಒಂದೇ ವಾದ್ಯದಿಂದ ಬಂದಂತಿರಬೇಕು. ಎಡಮುಖ ಒಂದು ಸ್ಪೀಕರಿನದು, ಬಲಮುಖ ಇನ್ನೊಂದರದು ಅನ್ನಿಸಿದರೆ ವೂಫರಿಗೂ ಮೇಲಿನ ಕೋನಿಗೂ ಹೊಂದಿಕೆಯಾಗಿಲ್ಲ.

7. ತಂಬೂರಿ ಹಾಕಿ ಐದು ನಿಮಿಷ ಸುಮ್ಮನೆ ಕೂರಿ

ಎಲೆಕ್ಟ್ರಾನಿಕ್ ಪೆಟ್ಟಿಗೆಯದು ಬೇಡ, ನಿಜವಾದ ತಂಬೂರಿ. ತಂತಿಯ ಕೆಳಗೆ ಸರಿಸಿಟ್ಟ ಜೀವಾಳಿಯ ದಾರದಿಂದ ಉಪಸ್ವರಗಳು ಒಂದರ ಹಿಂದೊಂದು ಏಳುತ್ತವೆ. ಒಳ್ಳೆಯ ಟ್ವೀಟರಿನಲ್ಲಿ ಅವು ಎದ್ದು ಕರಗುವುದು ಕೇಳಿಸುತ್ತದೆ. ಸಾಧಾರಣದ್ದರಲ್ಲಿ ಎಲ್ಲ ಸೇರಿ ಒಂದು ಝೇಂಕಾರ, ಅಷ್ಟೇ. ಐದನೇ ನಿಮಿಷಕ್ಕೆ ಕಿವಿ ಬೇಸತ್ತರೆ ಆ ಟ್ವೀಟರಿನ ಜೊತೆ ಹತ್ತು ವರ್ಷ ಕಳೆಯುವುದು ಕಷ್ಟ.

8. ಮೆಲ್ಲಗೂ ಕೇಳಿ, ಜೋರಾಗಿಯೂ ಕೇಳಿ

ರಾತ್ರಿ ಹತ್ತರ ಮೇಲೆ ಅಪಾರ್ಟ್‌ಮೆಂಟಿನಲ್ಲಿ ಯಾರೂ ಡೆಮೊ ಮಟ್ಟದಲ್ಲಿ ಹಾಡು ಹಾಕುವುದಿಲ್ಲ. ಸದ್ದು ತಗ್ಗಿದಂತೆ ಕಿವಿಗೆ ಬೇಸ್ ಬೇಗ ಕಡಿಮೆಯಾಗುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದ್ದಾರೆ, ಆದ್ದರಿಂದ ಸ್ವಲ್ಪ ಸೊರಗುವುದು ಸಹಜ. ಆದರೆ ಮೆಲುದನಿಯಲ್ಲೂ ಸಾಹಿತ್ಯ ಒಂದೊಂದಕ್ಷರ ತಿಳಿಯಬೇಕು. ಅದೇ ಹಾಡನ್ನು ಜೋರು ಮಾಡಿದಾಗ ಗಾಯಕರು ಹತ್ತಿರ ಬಂದಂತಿರಬೇಕು. ದನಿ ಗಡಸಾಗಿ ಕಿರುಚಿದರೆ ಸ್ಪೀಕರೋ ಆಂಪೋ ದಣಿದಿದೆ. ಯಾವುದೆಂದು ತಿಳಿಯಲು ದೊಡ್ಡ ಆಂಪಿಗೆ ಹಾಕಿಸಿ ನೋಡಿ.

9. ಪೆಟ್ಟಿಗೆ ಮುಟ್ಟಿ ನೋಡಿ

ಜೋರಾಗಿ ಹಾಡುವಾಗ ಪಕ್ಕದ ಹಲಗೆಯ ಮೇಲೆ ಅಂಗೈ ಇಡಿ. ಸಣ್ಣ ಕಂಪನ ಸರಿ, ಕೈ ಝುಮ್ಮೆನ್ನಬಾರದು. ಹಿಂಬದಿಯ ಪೋರ್ಟಿನಲ್ಲಿ ಗಾಳಿ ‘ಭುಸ್’ ಅನ್ನುತ್ತಿದೆಯೇ ಕೇಳಿ. ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಿದ್ದರೆ ಕೋನಿನ ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ: ಫೋಮ್ ಅಂಚು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ, ನಮ್ಮ ಕರಾವಳಿಯ ಹವೆಯಲ್ಲಿ ಇನ್ನೂ ಬೇಗ. ರಬ್ಬರ್ ಅಂಚು ಹೆಚ್ಚು ಬಾಳುತ್ತದೆ.

10. ಕಾಗದದ ಮೇಲಿನ ಅಂಕಿಗಳಲ್ಲಿ ಮೂರನ್ನು ಓದಿ

‘35ರಿಂದ 20,000 ಹರ್ಟ್ಸ್’ ಎಂದಷ್ಟೇ ಬರೆದಿದ್ದರೆ ಅದರಿಂದ ಏನೂ ತಿಳಿಯದು. ಪಕ್ಕದಲ್ಲಿ ‘±3 ಡೆಸಿಬೆಲ್’ ಎಂಬ ಮಿತಿ ಇರಬೇಕು. ಎರಡನೆಯದು ಸೆನ್ಸಿಟಿವಿಟಿ. 87 ಡೆಸಿಬೆಲಿನ ಸ್ಪೀಕರ್ 100 ವಾಟ್ ಕೇಳುವಲ್ಲಿ 90 ಡೆಸಿಬೆಲಿನದು 50 ವಾಟಿನಲ್ಲಿ ಅಷ್ಟೇ ಸದ್ದು ಕೊಡುತ್ತದೆ. ಮೂರನೆಯದು ಇಂಪೀಡೆನ್ಸ್, ಅಂದರೆ ಸ್ಪೀಕರ್ ಆಂಪಿಗೆ ಒಡ್ಡುವ ವಿದ್ಯುತ್ ತಡೆ. 4 ಓಮ್ ಎಂದಿದ್ದರೆ ನಿಮ್ಮ ಆಂಪ್ ಅದನ್ನು ತಾಳುತ್ತದೆಯೇ ವಿಚಾರಿಸಿ. ಪಿ.ಎಂ.ಪಿ.ಒ. ಎಂದು ಸಾವಿರಗಟ್ಟಲೆ ವಾಟ್ ಬರೆದದ್ದನ್ನು ಓದಲೇಬೇಡಿ. ಸ್ಪೀಕರಿನ ಸುತ್ತ 70 ದಿಕ್ಕುಗಳಿಂದ ಅಳೆದು ಬಿಡಿಸುವ ‘ಸ್ಪಿನೊರಾಮ’ ನಕ್ಷೆ ಸಿಕ್ಕಿದರೆ ಬಿಡಬೇಡಿ. ನೇರ ಸದ್ದಿನ ಗೆರೆ ಮಟ್ಟವಾಗಿದ್ದು, ಬದಿಗೆ ಹೋಗುವ ಸದ್ದಿನ ಗೆರೆಗಳು ಏರಿಳಿತವಿಲ್ಲದೆ ನಿಧಾನವಾಗಿ ಇಳಿದಿದ್ದರೆ ಆ ಸ್ಪೀಕರ್ ಕೇಳಲು ಯೋಗ್ಯ.

11. ವೈರಿಗೆ ಹೆಚ್ಚು ಸುರಿಯಬೇಡಿ

ನಾಲ್ಕೈದು ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ಒಳ್ಳೆಯ ತಾಮ್ರದ ವೈರ್ ಸಾಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ‘ನೂರು ಗಂಟೆ ನುಡಿಸಿ, ಸರಿಹೋಗುತ್ತೆ’ ಎಂಬ ಮಾತಿಗೂ ದುಡ್ಡು ಕೊಡಬೇಡಿ; ಅಷ್ಟು ಹೊತ್ತಿಗೆ ಹೊಂದಿಕೊಂಡಿರುವುದು ಬಹುಮಟ್ಟಿಗೆ ನಿಮ್ಮ ಕಿವಿ.

12. ಕೊನೆಯ ತೀರ್ಪು ನಿಮ್ಮ ಹಾಲಿನಲ್ಲೇ

ಅಂಗಡಿಯ ಡೆಮೊ ರೂಮಿಗೆ ಕಾರ್ಪೆಟ್ ಇರುತ್ತದೆ, ಗೋಡೆಗೆ ಪ್ಯಾನೆಲ್ ಇರುತ್ತದೆ. ನಮ್ಮ ಹಾಲುಗಳಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ಬರೀ ಪೇಂಟ್, ಒಂದು ಬದಿಗೆ ಗಾಜಿನ ಸ್ಲೈಡಿಂಗ್ ಬಾಗಿಲು. ಒಮ್ಮೆ ಚಪ್ಪಾಳೆ ತಟ್ಟಿ. ‘ಟರ್ರ್’ ಎಂದು ಬಾಲ ಬಂದರೆ ಯಾವ ಸ್ಪೀಕರ್ ತಂದರೂ ಟ್ರೆಬಲ್ ಚುಚ್ಚುತ್ತದೆ. ನೀವು ಕೂರುವ ಜಾಗಕ್ಕೂ ಸ್ಪೀಕರಿಗೂ ನಡುವೆ ದಪ್ಪ ಜಮಖಾನೆ, ಗಾಜಿಗೆ ಭಾರದ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು, ಇಷ್ಟನ್ನು ಮೊದಲು ಮಾಡಿ.

ಬೇಸಿನ ಕಥೆ ಇನ್ನೂ ಗಟ್ಟಿ. 12 ಅಡಿ ಅಗಲ, 14 ಅಡಿ ಉದ್ದದ ಹಾಲಿನಲ್ಲಿ ಗೋಡೆಯಿಂದ ಗೋಡೆಗೆ ಅಲೆ ಕೂಡಿಕೊಂಡು ಸುಮಾರು 47 ಹರ್ಟ್ಸ್ ಮತ್ತು 40 ಹರ್ಟ್ಸ್ ಸ್ವರಗಳು ತಾವಾಗಿಯೇ ಉಬ್ಬುತ್ತವೆ. ಟವರಿನ ಬೇಸ್ ಇಳಿಯುವುದು ಸರಿಯಾಗಿ ಅಲ್ಲಿಗೇ. ಮೂಲೆಗೆ ತಳ್ಳಿದರೆ ಉಬ್ಬು ಇನ್ನೂ ಹೆಚ್ಚು. ಹಿಂದಿನ ಗೋಡೆಯಿಂದ ಎರಡಡಿ ಮುಂದಕ್ಕೆ ತನ್ನಿ, ಎರಡು ಸ್ಪೀಕರ್ ಮತ್ತು ನಿಮ್ಮ ಕುರ್ಚಿ ಸಮಬಾಹು ತ್ರಿಕೋನವಾಗಲಿ, ಟ್ವೀಟರ್ ಕಿವಿಯ ಮಟ್ಟಕ್ಕಿರಲಿ. ಆಮೇಲೆ ಮೂರು ಮೂರು ಇಂಚು ಹಿಂದೆ ಮುಂದೆ ಸರಿಸುತ್ತಾ ಅದೇ ಮೃದಂಗ ಕೇಳಿ. ಗುಮ್ಕಿ ಬಿಗಿಯಾದ ಕಡೆ ನೆಲಕ್ಕೆ ಟೇಪ್ ಅಂಟಿಸಿ. ಹಾಲು ತೀರ ಚಿಕ್ಕದಿದ್ದು ಎಲ್ಲಿಟ್ಟರೂ ಬೇಸ್ ಗುಮ್ಮೆಂದರೆ, ಅದೇ ಕಂಪನಿಯ ಸಣ್ಣ ಬುಕ್‌ಶೆಲ್ಫ್ ಜೋಡಿಯನ್ನು ಸ್ಟ್ಯಾಂಡಿನ ಮೇಲಿಟ್ಟು ಕೇಳಿ ನೋಡಿ. ಎಷ್ಟೋ ಮನೆಗಳಿಗೆ ಅದೇ ಸರಿ.

ಎರಡು ಮೂರು ದಿನದ ಹೋಂ ಡೆಮೊ ಕೊಡುವ ಅಂಗಡಿಯನ್ನೇ ಹುಡುಕಿ, ಅಡ್ವಾನ್ಸ್ ಕೇಳಿದರೆ ರಸೀದಿಯಲ್ಲಿ ವಾಪಸಿನ ಷರತ್ತು ಬರೆಸಿಕೊಳ್ಳಿ. ಆ ದಿನಗಳಲ್ಲಿ ಮನೆಯವರೆಲ್ಲ ಕೇಳಲಿ. ಹಳೆಯ ಸ್ಪೀಕರನ್ನು ಅಷ್ಟರೊಳಗೆ ಮಾರಿಬಿಡಬೇಡಿ, ಹೋಲಿಸಿ ನೋಡಲು ಅದು ಬೇಕಾಗುತ್ತದೆ.