“ಸರ್ವರ್ ಇಲ್ಲ” ಎನ್ನುವ ಮೊದಲು ಬ್ರೌಸರಿನ ಆಡ್-ಆನ್ ನೋಡಿರಿ



ಪಹಣಿ ನೋಡಲು, ಬೆಳೆ ವಿಮೆಯ ಅರ್ಜಿ ತುಂಬಲು, ಫ್ರೂಟ್ಸ್ ಸಂಖ್ಯೆ ತಿಳಿಯಲು ಈಗ ಕಂಪ್ಯೂಟರಿನ ಮುಂದೆ ಕೂರುವುದು ಅನಿವಾರ್ಯವಾಗಿದೆ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಊರಿಗೆ ಹೋದರೂ ಕೇಳಿಬರುವ ದೂರು ಒಂದೇ: “ಸರ್ವರ್ ಇಲ್ಲ.” ಎಷ್ಟೋ ಸಾರಿ ಇದು ನಿಜವೇ. ಆದರೆ ಎಲ್ಲ ಸಾರಿಯೂ ಅಲ್ಲ. ಸರ್ಕಾರದ ಪುಟ ಸರಿಯಾಗಿಯೇ ಇದ್ದು, ನಮ್ಮ ಮನೆಯ ಯಂತ್ರದಲ್ಲಿ ಕೂತಿರುವ ಒಂದು ಸಣ್ಣ ಆಡ್-ಆನ್ ಅದನ್ನು ತಡೆದಿರುವುದೂ ಉಂಟು. ವಿಮೆಯ ಗಡುವಿನ ದಿನ ಇದನ್ನು ತಿಳಿಯದೆ ಎದ್ದುಹೋದರೆ ಆ ವರ್ಷದ ವಿಮೆಯೇ ಕೈತಪ್ಪುತ್ತದೆ. ಆದ್ದರಿಂದ ಪರೀಕ್ಷೆಯ ಕ್ರಮವನ್ನು ಮನೆಯ ಹುಡುಗರೂ ಹಿರಿಯರೂ ಕಲಿತಿರುವುದು ಒಳ್ಳೆಯದು.

ಬ್ರೌಸರ್ ಎಂದರೆ ಇಂಟರ್ನೆಟ್ಟಿನ ಪುಟಗಳನ್ನು ತೆರೆದು ತೋರಿಸುವ ಸಾಧನ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಇವೆಲ್ಲ ಬ್ರೌಸರುಗಳು. ಇದನ್ನು ಟ್ರಾಕ್ಟರು ಎಂದುಕೊಳ್ಳಿರಿ. ಟ್ರಾಕ್ಟರಿನ ಹಿಂದೆ ಕಲ್ಟಿವೇಟರು, ರೋಟವೇಟರು, ಟ್ರೈಲರು ಜೋಡಿಸುತ್ತೇವಲ್ಲವೆ? ಹಾಗೆಯೇ ಬ್ರೌಸರಿಗೆ ಹೊರಗಿನಿಂದ ಜೋಡಿಸುವ ಸಲಕರಣೆಗೆ ಆಡ್-ಆನ್ ಅಥವಾ ಎಕ್ಸ್‌ಟೆನ್ಷನ್ ಎಂದು ಹೆಸರು. ಜಾಹೀರಾತು ತಡೆಯುವುದು ಒಂದು, ಭಾಷೆ ಅನುವಾದ ಮಾಡುವುದು ಇನ್ನೊಂದು, ವಿಡಿಯೋ ಇಳಿಸಿಕೊಡುವುದು ಮತ್ತೊಂದು. ಟ್ರಾಕ್ಟರು ಎಳೆಯದಿದ್ದರೆ ಯಾರೂ ಮೊದಲೇ ಎಂಜಿನ್ ಬಿಚ್ಚುವುದಿಲ್ಲ. ಹಿಂದೆ ಜೋಡಿಸಿದ್ದನ್ನು ಕಳಚಿ ನೋಡುತ್ತಾರೆ. ಇಲ್ಲಿಯೂ ಅದೇ ಕ್ರಮ.

ತೊಂದರೆಯ ಗುರುತುಗಳನ್ನು ಹೇಳುತ್ತೇನೆ. ಪಹಣಿಯ ಪುಟದಲ್ಲಿ ಜಿಲ್ಲೆ ಆರಿಸಿದರೆ ತಾಲ್ಲೂಕಿನ ಪಟ್ಟಿ, ತಾಲ್ಲೂಕು ಆರಿಸಿದರೆ ಹೋಬಳಿಯ ಪಟ್ಟಿ, ಆಮೇಲೆ ಗ್ರಾಮದ ಪಟ್ಟಿ ಇಳಿಯಬೇಕು. ಕೆ.ಆರ್. ಪೇಟೆ ಎಂದು ಆರಿಸಿದ ಮೇಲೂ ಕಿಕ್ಕೇರಿಯಾಗಲಿ ಬೂಕನಕೆರೆಯಾಗಲಿ ಕಾಣದೆ ಪಟ್ಟಿ ಖಾಲಿಯಾಗಿಯೇ ನಿಂತಿದ್ದರೆ, ಪುಟದ ಒಳಗಿನ ಕೆಲಸವನ್ನು ಯಾವುದೋ ತಡೆಯುವ ಆಡ್-ಆನ್ ನಿಲ್ಲಿಸಿರಬಹುದು. ಗುಂಡಿ ಒತ್ತಿದರೂ ಹೊಸ ಕಿಟಕಿ ತೆರೆಯದಿದ್ದರೆ ಅದೂ ಇಂಥದ್ದೇ ಆಗಿರಬಹುದು. (ಹೊಸ ಕಿಟಕಿಯನ್ನು ಕ್ರೋಮ್ ತಾನಾಗಿಯೂ ತಡೆಯುವುದುಂಟು. ಆಗ ಮೇಲಿನ ವಿಳಾಸದ ಸಾಲಿನ ಬಲತುದಿಯಲ್ಲಿ ಒಂದು ಸಣ್ಣ ಗುರುತು ಮೂಡುತ್ತದೆ. ಅದನ್ನು ಒತ್ತಿ ಅನುಮತಿ ಕೊಟ್ಟರೆ ಸಾಕು.) ಅನುವಾದದ ಆಡ್-ಆನ್ ಇದ್ದರೆ ಊರಿನ ಹೆಸರನ್ನೇ ಅನುವಾದಿಸಿ ಗೊಂದಲ ಮಾಡಿಬಿಡಬಹುದು. ಏನನ್ನು ಹುಡುಕಿದರೂ ಗುರುತಿಲ್ಲದ ಬೇರೆ ಪುಟಕ್ಕೆ ಹೋಗುತ್ತಿದ್ದರೆ ಮಾತ್ರ ಅದು ಬರಿಯ ತೊಡಕಲ್ಲ. ಕಳ್ಳ ಆಡ್-ಆನ್ ಒಳಗೆ ಸೇರಿದೆ ಎಂಬ ಸಂದೇಹ ಪಡತಕ್ಕದ್ದೇ.

ಹಾಗಾದರೆ ಮಾಡುವುದೇನು? ಮೊದಲು ಅದೇ ಪುಟವನ್ನು ಬೇರೊಬ್ಬರ ಫೋನಿನಲ್ಲಿ ತೆರೆದು ನೋಡಿರಿ. ಅಲ್ಲಿಯೂ ಬಾರದಿದ್ದರೆ ಬಹುಶಃ ಸರ್ವರಿನದೇ ತೊಂದರೆ, ಕಾಯಬೇಕು. ಅಲ್ಲಿ ಬಂದು ನಿಮ್ಮಲ್ಲಿ ಮಾತ್ರ ಬಾರದಿದ್ದರೆ ಮುಂದಿನ ಪರೀಕ್ಷೆ ಮಾಡಿರಿ.

ಕ್ರೋಮ್ ತೆರೆದು ಕಂಟ್ರೋಲ್, ಶಿಫ್ಟ್, ಎನ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಫೈರ್‌ಫಾಕ್ಸಿನಲ್ಲಿ ಎನ್ ಬದಲು ಪಿ. ಗುಪ್ತ ಕಿಟಕಿ ಎಂಬ ಹೊಸ ಕಿಟಕಿ ತೆರೆಯುತ್ತದೆ. ನೀವಾಗಿ ಅನುಮತಿ ಕೊಟ್ಟಿರದ ಹೊರತು ಆಡ್-ಆನ್‌ಗಳು ಇದರೊಳಗೆ ಕೆಲಸ ಮಾಡುವುದಿಲ್ಲ. ಪುಟ ಇಲ್ಲಿ ಸರಿಯಾಗಿ ತೆರೆದರೆ ಆಡ್-ಆನ್ ಮೇಲೆ ಅನುಮಾನ ಬಲವಾಯಿತು. ಆತುರದ ಕೆಲಸವಿದ್ದರೆ ಅರ್ಜಿಯನ್ನು ಈ ಕಿಟಕಿಯಲ್ಲಿಯೇ ತುಂಬಿ ಮುಗಿಸಿಬಿಡಿ. ದುರಸ್ತಿ ನಾಳೆಯೂ ಮಾಡಬಹುದು, ಗಡುವು ನಾಳೆಗೆ ಕಾಯುವುದಿಲ್ಲ.

ಇನ್ನು ತಪ್ಪಿತಸ್ಥ ಯಾವುದೆಂದು ಹಿಡಿಯುವ ಬಗೆ. ಕ್ರೋಮಿನ ಬಲಮೂಲೆಯಲ್ಲಿ ಒಂದರ ಕೆಳಗೊಂದು ಮೂರು ಚುಕ್ಕೆಗಳಿವೆ. ಅದನ್ನು ಒತ್ತಿ ‘ಎಕ್ಸ್‌ಟೆನ್ಷನ್ಸ್’, ಆಮೇಲೆ ‘ಮ್ಯಾನೇಜ್ ಎಕ್ಸ್‌ಟೆನ್ಷನ್ಸ್’ ಒತ್ತಿದರೆ ಎಲ್ಲ ಆಡ್-ಆನ್‌ಗಳ ಪಟ್ಟಿ ಬರುತ್ತದೆ. ಪ್ರತಿಯೊಂದಕ್ಕೂ ಒಂದು ಸ್ವಿಚ್ಚು ಉಂಟು. ನಾಲೆಯ ನೀರು ಕೊನೆಯ ಗದ್ದೆಗೆ ಬಾರದಿದ್ದಾಗ ಎಲ್ಲಿ ಸೋರುತ್ತಿದೆಯೆಂದು ಹೇಗೆ ನೋಡುತ್ತೀರಿ? ವಿಶ್ವೇಶ್ವರಯ್ಯ ನಾಲೆಯ ಕಡೆಯವರಾಗಲಿ ಹೇಮಾವತಿ ನಾಲೆಯ ಕಡೆಯವರಾಗಲಿ ಒಂದಷ್ಟು ತೂಬುಗಳನ್ನು ಮುಚ್ಚಿ ನೋಡುವುದೇ ರೂಢಿ. ಎಂಟು ಆಡ್-ಆನ್‌ಗಳಿದ್ದರೆ ಮೊದಲು ನಾಲ್ಕನ್ನು ಆರಿಸಿ ಪುಟವನ್ನು ಹೊಸದಾಗಿ ತೆರೆಯಿರಿ. ಸರಿಹೋದರೆ ಕಳ್ಳ ಆ ನಾಲ್ಕರಲ್ಲಿದ್ದಾನೆ. ಸರಿಹೋಗದಿದ್ದರೆ ಉಳಿದ ನಾಲ್ಕರಲ್ಲಿ. ಆ ನಾಲ್ಕನ್ನು ಎರಡೆರಡು ಮಾಡಿ, ಕಡೆಗೆ ಒಂದಕ್ಕೆ ಬನ್ನಿ. ಮೂರೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾನೆ.

ಈ ನಡುವೆ ಬೇರೆ ಯಾವುದನ್ನೂ ಬದಲಾಯಿಸಕೂಡದು. ಮಂಡ್ಯದ ವಿ.ಸಿ. ಫಾರಂನಂಥ ಸಂಶೋಧನಾ ಕೇಂದ್ರದಲ್ಲಿ ಗೊಬ್ಬರದ ಪ್ರಮಾಣ ಪರೀಕ್ಷಿಸುವಾಗ ಭತ್ತದ ತಳಿಯನ್ನೂ ನೀರನ್ನೂ ಒಟ್ಟಿಗೇ ಬದಲಿಸಿದರೆ ಫಲ ಯಾವುದರಿಂದ ಬಂತೆಂದು ಹೇಳಲಾದೀತೆ? ನಮ್ಮ ಹುಡುಗರು ಆಡ್-ಆನ್ ಆರಿಸುತ್ತಾ, ಜೊತೆಗೆ ವೈಫೈ ಬದಲಿಸುತ್ತಾ, ಮಧ್ಯೆ ಒಂದು ಸಾರಿ ಯಂತ್ರವನ್ನೇ ಆರಿಸಿ ಹಚ್ಚುತ್ತಾರೆ. ಪುಟ ತೆರೆದರೂ ಕಾರಣ ತಿಳಿಯುವುದಿಲ್ಲ. ವಾರ ಕಳೆದ ಮೇಲೆ ಅದೇ ಗೋಳು. ಬಿಡಿಬಿಡಿಯಾಗಿ ಎಲ್ಲವೂ ಸರಿಯಿದ್ದು ಕೂಡಿದಾಗ ಮಾತ್ರ ಕೆಡುವುದೂ ಉಂಟು. ಜಾಹೀರಾತು ತಡೆಯುವವು ಎರಡಿದ್ದರೆ ಒಂದಕ್ಕೊಂದು ಹೊಂದದೆ ಹೀಗಾಗಬಹುದು. ಒಂದು ಸಾಕು.

ಆಂಡ್ರಾಯ್ಡ್ ಫೋನಿನ ಕ್ರೋಮಿಗೆ ಆಡ್-ಆನ್ ಹಾಕಲು ಬರುವುದಿಲ್ಲ; ಫೈರ್‌ಫಾಕ್ಸಿಗೆ ಬರುತ್ತದೆ. ಕ್ರೋಮ್ ಮಾತ್ರ ಬಳಸುವವರ ಫೋನಿನಲ್ಲಿ ಜಾಹೀರಾತಿನ ಸೂಚನೆಗಳು ಮೇಲಿಂದ ಮೇಲೆ ಬೀಳುತ್ತಿದ್ದರೆ, ಎಂದೋ ಯಾವುದೋ ಪುಟಕ್ಕೆ ‘ಅಲೋ’ ಒತ್ತಿದ್ದೇ ಸಾಮಾನ್ಯವಾಗಿ ಕಾರಣ. ಕ್ರೋಮಿನ ಸೆಟ್ಟಿಂಗ್ಸಿನಲ್ಲಿ ಆ ಪುಟದ ಅನುಮತಿ ತೆಗೆಯಿರಿ.

ಅನುಮತಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಆಡ್-ಆನ್ ಹಾಕುವಾಗ “ಎಲ್ಲ ಪುಟಗಳ ವಿವರವನ್ನು ಓದಲು, ಬದಲಾಯಿಸಲು” ಅನುಮತಿ ಕೇಳಿದರೆ, ನೀವು ಬ್ಯಾಂಕಿನ ಪುಟದಲ್ಲಿ ಬರೆಯುವ ಪಾಸ್‌ವರ್ಡ್ ಕೂಡ ಅದರ ಕಣ್ಣಿಗೆ ಬಿದ್ದೀತೆಂದು ತಿಳಿಯಿರಿ. ಹೆಸರು ಚೆನ್ನಾಗಿದೆಯೆಂದು ನಂಬುವಂತಿಲ್ಲ. ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಆಡ್-ಆನನ್ನು 20 ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಿದ್ದರು. 2020ರಲ್ಲಿ ಅದು ಬೇರೆಯವರ ಕೈಗೆ ಮಾರಾಟವಾಯಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಹಾನಿಕರವೆಂದು ತೆಗೆದುಹಾಕಿತು. ಚೀಲದ ಮೇಲೆ ಹಳೆಯ ಹೆಸರು, ಒಳಗೆ ಬೇರೆ ಬೀಜ!

ಆಡ್-ಆನ್‌ಗಳೇ ತಾವಾಗಿ ನಿಂತುಹೋದ ಪ್ರಸಂಗವೂ ಉಂಟು. 2019ರ ಮೇ ತಿಂಗಳಲ್ಲಿ ಫೈರ್‌ಫಾಕ್ಸಿನ ಕಡೆಯ ಒಂದು ಪ್ರಮಾಣಪತ್ರದ ಅವಧಿ ಮುಗಿದು, ಜಗತ್ತಿನಾದ್ಯಂತ ಬಳಕೆದಾರರ ಆಡ್-ಆನ್‌ಗಳು ಕೆಲಸ ಬಿಟ್ಟವು. ಅವರು ಕಳಿಸಿದ ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಸರಿಹೋಯಿತು. ಬ್ರೌಸರನ್ನು ಕಾಲಕಾಲಕ್ಕೆ ಹೊಸ ಆವೃತ್ತಿಗೆ ತಂದುಕೊಳ್ಳಿರೆಂದು ಹೇಳುವುದು ಇದಕ್ಕೇ.

ಸಿಕ್ಕಿಬಿದ್ದ ಆಡ್-ಆನ್ ಬೇಡವಾದರೆ ಅದೇ ಪಟ್ಟಿಯಲ್ಲಿ ‘ರಿಮೂವ್’ ಒತ್ತಿ ಕಿತ್ತುಹಾಕಿರಿ. ಬೇಕಾದದ್ದೇ ಆದರೆ ಸರ್ಕಾರದ ಪುಟ ತೆರೆಯುವಾಗ ಮಾತ್ರ ಆರಿಸಿರಿ. ಗ್ರಾಮ ಒನ್ ಕೇಂದ್ರದ ಅಥವಾ ಸೊಸೈಟಿಯ ಯಂತ್ರವಾದರೆ ನೀವು ಕೈಹಾಕದೆ ಅಲ್ಲಿನವರಿಗೆ ತಿಳಿಸಿರಿ. ಏನು ಮಾಡಿದರೂ ಬಗೆಹರಿಯದಿದ್ದರೆ ಕ್ರೋಮಿನ ಸೆಟ್ಟಿಂಗ್ಸಿನಲ್ಲಿ ‘ರೀಸೆಟ್’ ಎಂಬುದುಂಟು. ಅದು ಎಲ್ಲ ಆಡ್-ಆನ್‌ಗಳನ್ನೂ ಆರಿಸುತ್ತದೆ. ಉಳಿಸಿಟ್ಟ ಪಾಸ್‌ವರ್ಡ್, ಗುರುತಿಟ್ಟ ಪುಟಗಳು ಹಾಗೆಯೇ ಇರುತ್ತವೆ. ಆಮೇಲೆ ಬೇಕಾದವನ್ನು ದಿನಕ್ಕೊಂದರಂತೆ ಹಚ್ಚಿ ನೋಡಿಕೊಳ್ಳಿರಿ.