ಒಂದೇ ಸೂಜಿ, ಎರಡು ಪ್ಲೇಯರ್

ಹಳೆಯ ರೆಕಾರ್ಡ್ ಪ್ಲೇಯರ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಹಾಡು ಹಾಕಿಸಿ ಕೇಳುತ್ತಾರೆ. ನಾನು ಮೊದಲು ತಟ್ಟೆ ಎತ್ತಿ ಕೆಳಗಿರುವ ರಬ್ಬರ್ ಗಾಲಿ ನೋಡುತ್ತೇನೆ. ಈ ಅಭ್ಯಾಸ ಬಂದದ್ದು ಕೋಲಾರ ಚಿನ್ನದ ಗಣಿ (ಕೆಜಿಎಫ್) ಪ್ರದೇಶದ ಚಾಂಪಿಯನ್ ರೀಫ್‌ನ ಒಂದು ಮನೆಯಿಂದ ಬಂಗಾರಪೇಟೆಗೆ ತಂದ ಗ್ಯಾರಾರ್ಡ್ ಎಸ್‌ಪಿ 25ರಿಂದ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಕೆಜಿಎಫ್ ಬಿಟ್ಟ ಕುಟುಂಬಗಳು ಮಾರಿದ ಸಾಮಾನಿನಲ್ಲಿ ಇಂಥ ಯಂತ್ರಗಳೂ ಇದ್ದವು. ಇದರ ಜೊತೆ ಒಂದು ಪೆಟ್ಟಿಗೆ ರೆಕಾರ್ಡ್ ಬಂತು: ಜಿಮ್ ರೀವ್ಸ್, ತಮಿಳು ಸಿನಿಮಾ ಹಾಡುಗಳು, ‘ಬಂಗಾರದ ಮನುಷ್ಯ’, ತಳದಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ 78ಗಳು.

ಈ ಗ್ಯಾರಾರ್ಡ್‌ನಲ್ಲಿ ಬೆಲ್ಟ್ ಇಲ್ಲ. ಮೋಟರಿನ ಪುಲ್ಲಿ ರಬ್ಬರ್ ಗಾಲಿಯನ್ನು ತಿರುಗಿಸುತ್ತದೆ, ಗಾಲಿ ತಟ್ಟೆಯ ಒಳ ಅಂಚನ್ನು ತಳ್ಳುತ್ತದೆ. ವರ್ಷಗಟ್ಟಲೆ ಒಂದೇ ಕಡೆ ಒತ್ತಿಕೊಂಡು ನಿಂತ ಗಾಲಿಗೆ ತಗ್ಗು ಬೀಳುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಡುಬ್ ಡುಬ್. ಪುಲ್ಲಿಯನ್ನೂ ನೋಡಬೇಕು, ಏಕೆಂದರೆ ಮೋಟರಿನ ವೇಗ ಕರೆಂಟಿನ ಸೈಕಲ್ ಮೇಲೆ ನಿಂತಿದೆ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಬಂದ ಕರೆಂಟು 25 ಸೈಕಲ್‌ನದು. ಈಗ ನಮ್ಮದು 50, ಅಮೆರಿಕದ್ದು 60. 60ಕ್ಕೆ ಮಾಡಿದ ಪುಲ್ಲಿ ಇಲ್ಲಿ ತಿರುಗಿದರೆ ವೇಗ ಆರರಲ್ಲಿ ಐದು ಪಾಲಿಗೆ ಇಳಿದು, ಹಾಡಿನ ಶ್ರುತಿ ಸುಮಾರು ಮೂರು ಸ್ವರಸ್ಥಾನ ಕೆಳಗೆ ಬರುತ್ತದೆ. ಅಮೆರಿಕದ ನೆಂಟರು ತಂದುಕೊಟ್ಟ ಯಂತ್ರವಾದರೆ ಇದನ್ನು ಮರೆಯಬೇಡಿ.

ಗಣಿಯ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದ ಹಿರಿಯರೊಬ್ಬರ ಹತ್ತಿರ ಯಂತ್ರ ಒಯ್ದೆ. “ರಬ್ಬರ್ ಆಮೇಲೆ ನೋಡೋಣಪ್ಪ, ಮೊದಲು ಬುಷ್ ತೊಳಿ” ಅಂದರು. ಗಣಿಯ ತ್ಯಾಜ್ಯದ ಸೈನೈಡ್ ಗುಡ್ಡಗಳಿಂದ ಗಾಳಿಗೆ ಏಳುವ ಧೂಳು ಅಂದರೆ ಚಿನ್ನ ತೆಗೆಯಲು ನುಣ್ಣಗೆ ಅರೆದ ಕಲ್ಲು. ಅದು ಬುಷ್‌ನ ಎಣ್ಣೆಗೆ ಸೇರಿದರೆ ಲೋಹವನ್ನೇ ಸವೆಸುತ್ತದೆ. ಹಳೆಯ ಎಣ್ಣೆಯ ಮೇಲೆ ಹೊಸದನ್ನು ಬಿಟ್ಟರೆ ಆ ಪುಡಿ ಇನ್ನೂ ಒಳಕ್ಕೆ ಇಳಿಯುತ್ತದೆ. ಎಲ್ಲ ಬಿಚ್ಚಿ, ಗಟ್ಟಿಯಾದ ಗ್ರೀಸ್ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ತೆಳು ಮಷಿನ್ ಆಯಿಲ್ ಹಾಕಿದೆವು. ಗಾಲಿಯನ್ನು ಅವರೇ ಲೇತ್‌ನಲ್ಲಿ ಕೂರಿಸಿ ಹದವಾಗಿ ಉಜ್ಜಿ ದುಂಡಗೆ ಮಾಡಿದರು. ಅಂಥ ಕೈಗಳು ಕೆಜಿಎಫ್‌ನಲ್ಲಿ ಇನ್ನೂ ಇವೆ. ಈ ಊರಿನ ಬಗ್ಗೆ ಬರೆಯುವವರು ಚಿನ್ನವನ್ನಷ್ಟೇ ಕಾಣುತ್ತಾರೆ ಎಂಬುದು ನನ್ನ ಬೇಸರ.

ಹೋಲಿಕೆಗೆ ಹೊಸದೊಂದು ಬೇಕಿತ್ತು. ಆಡಿಯೋ-ಟೆಕ್ನಿಕಾ ಎಲ್‌ಪಿ60ಎಕ್ಸ್ ತಂದೆ: ಬೆಲ್ಟಿನದು, ತಾನೇ ಸೂಜಿ ಇಳಿಸಿ ಎತ್ತುತ್ತದೆ, ಪ್ರೀಆಂಪ್ ಒಳಗೇ ಇದೆ. ಇದರಲ್ಲಿ ಬರುವ 3600ಎಲ್ ಸೂಜಿಯನ್ನೇ ಹಳೆಯದರ ತೋಳಿಗೂ ಕೂರಿಸಿದೆ. ಸೂಜಿ ಬೇರೆಬೇರೆಯಾದರೆ ನಾವು ಕೇಳುವುದು ಸೂಜಿಗಳ ವ್ಯತ್ಯಾಸವನ್ನು, ಯಂತ್ರಗಳದ್ದಲ್ಲ. ಈ ಸೂಜಿಯ ಸಿಗ್ನಲ್ ಬಹಳ ಸಣ್ಣದು, ಹಾಗಾಗಿ ಹಳೆಯದಕ್ಕೆ ಬೇರೆ ಪ್ರೀಆಂಪ್ ಬೇಕಾಯಿತು.

ಹಾಡು ಶುರುವಾಗುವ ಮೊದಲಿನ ಮೌನದಲ್ಲಿ ಹೊಸದೇ ಮೇಲು. ಗ್ಯಾರಾರ್ಡ್‌ನಲ್ಲಿ ಮೋಟರಿನ ಗುಂಯ್ ಎಂಬ ಸದ್ದು ಗಾಲಿಯ ಮೂಲಕ ಸೂಜಿಗೆ ಬರುತ್ತದೆ. ರಿಪೇರಿಯಿಂದ ಕಡಿಮೆಯಾಯಿತು, ಹೋಗಲಿಲ್ಲ. ಆದರೆ ತಂಬೂರಿಯ ಎಳೆ ಹಿಡಿದು ಕೇಳಿದಾಗ ಹಳೆಯದರಲ್ಲಿ ಶ್ರುತಿ ಹೆಚ್ಚು ಗಟ್ಟಿಯಾಗಿ ನಿಂತಿತು, ಮೃದಂಗದ ಪೆಟ್ಟಿಗೆ ಬಿಗಿ ಇತ್ತು. ವೇಗವನ್ನು ಸ್ಟ್ರೋಬ್ ತಟ್ಟೆಯಿಂದ ನೋಡಿದೆ. 50 ಸೈಕಲ್ ಕರೆಂಟಿನ ನಿಯಾನ್ ಬೆಳಕಿನಲ್ಲಿ 33⅓ಕ್ಕೆ 180 ಗೆರೆಗಳು ಅಲುಗದೆ ನಿಲ್ಲಬೇಕು. ಎಷ್ಟೋ ಎಲ್‌ಇಡಿ ಬಲ್ಬುಗಳಲ್ಲಿ ಅದು ಸರಿಯಾಗಿ ಕಾಣದು.

78ರ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಹೊಸದಕ್ಕೆ 33 ಮತ್ತು 45 ಮಾತ್ರ ಗೊತ್ತು. 78ರ ಗೀರು ಅಗಲ, ಎಲ್‌ಪಿ ಸೂಜಿ ಅದರ ತಳಕ್ಕೆ ಬಿದ್ದು ಕಸವನ್ನೇ ಓದುತ್ತದೆ. ಅದಕ್ಕೆಂದೇ ಮಾಡಿದ ದಪ್ಪ ಸೂಜಿ ಹಾಕಬೇಕು. ಒರೆಸಲು ಸ್ಪಿರಿಟ್ ಮುಟ್ಟಿಸಬಾರದು, ಅರಗು ಕರಗುತ್ತದೆ.

ಮನೆಯಲ್ಲಿ ಎಲ್‌ಪಿ ಮಾತ್ರ ಇದ್ದು, ಬಿಚ್ಚಿ ಕಟ್ಟುವ ತಾಳ್ಮೆ ಇಲ್ಲದವರಿಗೆ ನಾನು ಹೊಸದನ್ನೇ ಹೇಳುತ್ತೇನೆ. ಅಜ್ಜಿ-ತಾತನ ಕಾಲದ 78ಗಳಿದ್ದರೆ ಗಾಲಿ ಇರುವ ಹಳೆಯದನ್ನು ಹುಡುಕಿ. ಕೊಳ್ಳುವ ಮೊದಲು ಮೋಟರಿನ ವೈರು, ಅರ್ತಿಂಗ್ ಎರಡನ್ನೂ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಪ್ಲಗ್ ಹಾಕುವುದು ಆಮೇಲೆ.